ಬ್ಲೂಗ್ರಾಸ್ ಕೇಳುವುದು ಹೇಗೆ? ಸರದಿ ಇಲ್ಲದವರ ಕಡೆ ಕಿವಿ ಕೊಡಿ

ಬ್ಲೂಗ್ರಾಸ್ ಅಂದರೆ ಅಮೆರಿಕದ ಕಂಟ್ರಿ ಎಂಬ ಜನಪ್ರಿಯ ಹಾಡುಗಾರಿಕೆಯ ಒಂದು ಕವಲು, ಕರೆಂಟ್ ಬೇಡದ ತಂತಿವಾದ್ಯಗಳದ್ದು. ಅದನ್ನು ಮೊದಲ ಸಲ ಕೇಳಿದವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಒಂದು, "ಅಬ್ಬಾ, ಏನು ಸ್ಪೀಡು!" ಇನ್ನೊಂದು, "ಎಲ್ಲ ಹಾಡೂ ಒಂದೇ ಥರ ಇದೆಯಲ್ಲ." ಎರಡೂ ಪೂರ್ತಿ ಸುಳ್ಳಲ್ಲ. ಆದರೆ ತಮ್ಮ ಸರದಿ ಬಂದಾಗ ಸೋಲೊ (ಒಂಟಿಯಾಗಿ) ನುಡಿಸುವವರ ಮೇಲೆ ಮಾತ್ರ ಗಮನ ಇಟ್ಟರೆ ವೇಗ ಬಿಟ್ಟು ಬೇರೇನೂ ಕಾಣುವುದಿಲ್ಲ. ಈ ಸಂಗೀತದಲ್ಲಿ ಜಾಸ್ತಿ ಕೆಲಸ ನಡೆಯುವುದು ಆ ಹೊತ್ತಿಗೆ ಸರದಿ ಇಲ್ಲದವರ ಕೈಯಲ್ಲಿ. ಒಬ್ಬ ಕಲಾವಿದ ಎಷ್ಟು ದೊಡ್ಡವನು ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಅದನ್ನು ಕೇಳಿಸಿಕೊಳ್ಳುವ ಒಂದು ದಾರಿ ಇಲ್ಲಿದೆ. ಸಂಗೀತ ಕಲಿತಿರಬೇಕಾಗಿಲ್ಲ. ಹಾಡಿನ ಮಾತು ಪೂರ್ತಿ ತಿಳಿಯದಿದ್ದರೂ ಚಿಂತೆ ಬೇಡ. ಈ ಹಾಡುಗಳ ಬೇರಿರುವ, ಪೂರ್ವ ಅಮೆರಿಕದ ಅಪಲೇಷಿಯನ್ ಬೆಟ್ಟಗಳ ಕಡೆಯವರ ಉಚ್ಚಾರ ಬೇರೆ ಊರಿನ ಅಮೆರಿಕನ್ನರಿಗೇ ಒಮ್ಮೊಮ್ಮೆ ಹಿಡಿಯುವುದಿಲ್ಲ.

ಶುರು ಮಾಡುವ ಮುನ್ನ

ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಇದು ಶೋಕಿಯ ಮಾತಲ್ಲ. ಹಳೆಯ ಬ್ಲೂಗ್ರಾಸ್ ತಂಡಗಳಲ್ಲಿ ಡ್ರಮ್ ಇರುವುದಿಲ್ಲ. ತಾಳದ ಅರ್ಧ ಹೊರೆ ಆಳೆತ್ತರದ ಬೇಸ್ ವಾದ್ಯದ ಮೇಲಿದೆ. ಫೋನಿನ ಪುಟ್ಟ ಸ್ಪೀಕರಿನಲ್ಲಿ ಆ ಮಂದ್ರದ ಸ್ವರ ಸರಿಯಾಗಿ ಹೊರಡುವುದೇ ಇಲ್ಲ. ಕೊನೆಗೆ ಉಳಿಯುವುದು ಬ್ಯಾಂಜೊ ಎಂಬ, ದುಂಡಗೆ ಚರ್ಮ ಬಿಗಿದ ತಂತಿವಾದ್ಯದ ಟಿಣಿಟಿಣಿ ಮಾತ್ರ. ಎಷ್ಟೋ ಜನಕ್ಕೆ ಈ ಸಂಗೀತ ತಲೆನೋವು ಅನ್ನಿಸುವುದು ಇದಕ್ಕೇ ಇರಬೇಕು. ಸಾಧಾರಣ ಇಯರ್‌ಫೋನ್ ಸಾಕು.

ಪ್ಲೇಲಿಸ್ಟ್ ಹಾಕಿಕೊಂಡು ಅಡುಗೆ ಮಾಡುತ್ತಾ ಕೇಳುವುದು ಆಮೇಲೆ ಇದ್ದೇ ಇದೆ. ಮೊದಲ ಕೆಲವು ದಿನ ಒಂದೇ ಹಾಡನ್ನು ನಾಲ್ಕೈದು ಸಲ ಕೇಳಿ. ಹೆಚ್ಚಿನವು ಮೂರು ನಿಮಿಷದೊಳಗೆ ಮುಗಿಯುತ್ತವೆ, ಬೇಜಾರಾಗುವುದಿಲ್ಲ.

1. ಊರು, ಇಸವಿ ಸ್ವಲ್ಪ ತಿಳಿದಿರಲಿ

ಇತಿಹಾಸದ ಪಾಠ ಬೇಡ. ಮೂರು ಇಸವಿ ನೆನಪಿದ್ದರೆ ಸಾಕು.

1927. ಟೆನೆಸಿ ಮತ್ತು ವರ್ಜೀನಿಯಾ ರಾಜ್ಯಗಳ ಗಡಿಯ ಮೇಲೇ ಬ್ರಿಸ್ಟಲ್ ಅನ್ನುವ ಊರಿದೆ. ಅದರ ಮುಖ್ಯ ಬೀದಿಯ ನಡುವೆಯೇ ಗಡಿ ಹಾಯುತ್ತದೆ. ಆ ಬೇಸಿಗೆಯಲ್ಲಿ ವಿಕ್ಟರ್ ರೆಕಾರ್ಡ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಅಲ್ಲಿಗೆ ಬಂದರು. ಒಂದು ಟೋಪಿ ಗೋದಾಮಿನಲ್ಲಿ ಯಂತ್ರ ಹೂಡಿ ಸುತ್ತಲಿನ ಹಾಡುಗಾರರನ್ನು ಕರೆದರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಜರ್ಸ್ ಇಬ್ಬರ ಮೊದಲ ರೆಕಾರ್ಡಿಂಗ್ ಆದದ್ದು ಅಲ್ಲೇ. ಕಂಟ್ರಿ ಸಂಗೀತದ ಎರಡು ದೊಡ್ಡ ಧಾರೆಗಳು ಇವರಿಂದ ಹರಿದವು: ಮನೆಮಂದಿ ಕೂತು ಹಾಡುವ ಹಳೆಯ ಹಾಡು ಒಂದು, ಊರೂರು ತಿರುಗುವ ರೈಲ್ವೆ ನೌಕರನ ಬ್ಲೂಸ್ (ಕಪ್ಪು ಜನರಿಂದ ಬಂದ ನೋವಿನ ಹಾಡು) ಇನ್ನೊಂದು.

1939. ಕೆಂಟಕಿಯ ಬಿಲ್ ಮನ್ರೋ ತಮ್ಮ ಬ್ಲೂ ಗ್ರಾಸ್ ಬಾಯ್ಸ್ ತಂಡದೊಂದಿಗೆ ನ್ಯಾಶ್ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಕಾರ್ಯಕ್ರಮಕ್ಕೆ ಸೇರಿದರು. ಆ ಕಾರ್ಯಕ್ರಮ 1925ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ.

1945, ಡಿಸೆಂಬರ್. ಉತ್ತರ ಕೆರೊಲಿನಾದ 21 ವರ್ಷದ ಹುಡುಗ ಅರ್ಲ್ ಸ್ಕ್ರಗ್ಸ್ ಬ್ಯಾಂಜೊ ಹಿಡಿದು ಆ ತಂಡಕ್ಕೆ ಬಂದ. ಮರುವರ್ಷದ ಹೊತ್ತಿಗೆ ತಂಡ ಹೀಗಿತ್ತು: ಮ್ಯಾಂಡೊಲಿನ್‌ನಲ್ಲಿ ಮನ್ರೋ, ಗಿಟಾರ್ ಮತ್ತು ಹಾಡಿಗೆ ಲೆಸ್ಟರ್ ಫ್ಲಾಟ್, ಫಿಡಲ್‌ನಲ್ಲಿ ಚಬ್ಬಿ ವೈಸ್, ಬೇಸ್‌ನಲ್ಲಿ ಹೊವರ್ಡ್ ವಾಟ್ಸ್. ಫಿಡಲ್ ಅಂದರೆ ನಮ್ಮ ಪಿಟೀಲೇ, ನುಡಿಸುವ ರೀತಿ ಬೇರೆ. ಇವತ್ತಿಗೂ ಒಂದು ತಂಡ ಬ್ಲೂಗ್ರಾಸ್ ಹೌದೋ ಅಲ್ಲವೋ ಅಂತ ಜಗಳ ಬಂದರೆ ಅಳತೆಗೋಲು ಈ ಐವರೇ. ಅಂದರೆ ಇದು ಬೆಟ್ಟದ ಅಜ್ಜಂದಿರ ಕಾಲದ ಜನಪದ ಸಂಗೀತ ಅಲ್ಲ. ಜನಪದದ ಬೇರು ಇದೆ, ನಿಜ. ಆದರೆ ಸಂಗೀತ ಹುಟ್ಟಿದ್ದು ರೇಡಿಯೊ ಮೈಕಿನ ಮುಂದೆ, ಸಂಬಳ ತೆಗೆದುಕೊಳ್ಳುವ ವೃತ್ತಿಗಾರರ ಕೈಯಲ್ಲಿ. ನಮ್ಮ ಟಾಕಿ ಸಿನಿಮಾಗಿಂತ ಚಿಕ್ಕ ವಯಸ್ಸು ಇದಕ್ಕೆ.

ಕಂಟ್ರಿಗೂ ಬ್ಲೂಗ್ರಾಸಿಗೂ ಏನು ವ್ಯತ್ಯಾಸ ಅಂತ ಕೇಳಿದರೆ, ಸುಮ್ನೆ ಹೀಗೆ ನೆನಪಿಡಿ. ಕಂಟ್ರಿ ಕಾಲಕ್ಕೆ ತಕ್ಕಂತೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್, ಪಿಯಾನೊ, ವಯಲಿನ್ ಗುಂಪು ಎಲ್ಲವನ್ನೂ ಒಳಗೆ ಬಿಟ್ಟುಕೊಂಡಿತು. ಬ್ಲೂಗ್ರಾಸ್ ಕರೆಂಟ್ ಬೇಡದ ತಂತಿವಾದ್ಯಗಳಿಗೇ ಗಟ್ಟಿಯಾಗಿ ಅಂಟಿಕೊಂಡಿತು.

2. ಒಂದು ಹಾಡು ಹಿಡಿದು ಎಣಿಸಿ

ಮೊದಲ ಪಾಠಕ್ಕೆ ಮನ್ರೋ ಬರೆದು ಹಾಡಿದ "ಬ್ಲೂ ಮೂನ್ ಆಫ್ ಕೆಂಟಕಿ" ಬಿಟ್ಟರೆ ಬೇರೆ ಬೇಡ. ಅದರ ಮೂರು ರೆಕಾರ್ಡಿಂಗ್ ಸುಲಭವಾಗಿ ಸಿಗುತ್ತವೆ. ಇದೇ ಕ್ರಮದಲ್ಲಿ ಕೇಳಿ.

ಮೊದಲು 1946ರದ್ದು, ಮೇಲೆ ಹೇಳಿದ ಐವರು ಮಾಡಿದ್ದು. ತೊಡೆಯ ಮೇಲೆ ಕೈಯಿಟ್ಟು ಎಣಿಸಿ: ಒಂದು-ಎರಡು-ಮೂರು, ಒಂದು-ಎರಡು-ಮೂರು. ನಿಧಾನ, ತೂಗುವ ಹಾಡು.

ಆಮೇಲೆ 1954ರ ಜುಲೈನಲ್ಲಿ ಮೆಂಫಿಸ್‌ನಲ್ಲಿ ಎಲ್ವಿಸ್ ಪ್ರೆಸ್ಲಿ ಹಾಡಿದ್ದು. ಆತನ ಮೊಟ್ಟಮೊದಲ ರೆಕಾರ್ಡಿನ ಇನ್ನೊಂದು ಬದಿ ಇದು. ಮೂರರ ಎಣಿಕೆ ಹೋಗಿ ನಾಲ್ಕು ಬಂದಿದೆ. ವೇಗವೂ ಏರಿದೆ.

ಮೂರನೆಯದು ಅದೇ ವರ್ಷ ಮನ್ರೋ ಮತ್ತೆ ಮಾಡಿದ್ದು. ಎಲ್ವಿಸ್ ಹಾಡಿದ್ದನ್ನು ಕೇಳಿ ಮುನಿಸಿಕೊಳ್ಳಲಿಲ್ಲ ಈ ಹಿರಿಯ. ಮೊದಲ ಭಾಗ ತನ್ನ ಹಳೆಯ ಮೂರರ ನಡೆಯಲ್ಲೇ ಹಾಡಿ, ನಡುವೆ ತಟ್ಟನೆ ನಾಲ್ಕಕ್ಕೆ ಹಾರಿಬಿಟ್ಟರು. ಆ ಹಾರುವ ಜಾಗ ನಿಮ್ಮ ಕೈಗೆ ತಾನಾಗಿ ಗೊತ್ತಾಗುವವರೆಗೆ ಕೇಳಿ. ಗೊತ್ತಾದರೆ ಮೊದಲ ಮೆಟ್ಟಿಲು ಹತ್ತಿದ ಹಾಗೆ. ತಾಳ ಹಾಕಿಕೊಂಡು ಸಂಗೀತ ಕೇಳಿ ಬೆಳೆದ ನಮ್ಮವರಿಗೆ ಇದು ಕಷ್ಟದ ಕೆಲಸವಲ್ಲ.

3. ಡ್ರಮ್ ಎಲ್ಲಿ ಅಡಗಿದೆ ಅಂತ ಹುಡುಕಿ

ಈಗ ನಾಲ್ಕರ ಎಣಿಕೆಯ ಯಾವುದಾದರೂ ವೇಗದ ಹಾಡು ಹಾಕಿ. ಹಾಡುವವರನ್ನು ಮರೆತುಬಿಡಿ. ಒಂದು ಮತ್ತು ಮೂರನೆಯ ಏಟಿಗೆ ತಳದಲ್ಲಿ "ಧುಂ" ಅನ್ನುತ್ತದಲ್ಲ, ಅದು ಬೇಸ್. ಎರಡು ಮತ್ತು ನಾಲ್ಕಕ್ಕೆ "ಚಕ್" ಅಂತ ಒಣ ಸದ್ದು ಬರುತ್ತದೆ. ಅದು ಯಾವ ಚರ್ಮವಾದ್ಯವೂ ಅಲ್ಲ, ಮ್ಯಾಂಡೊಲಿನ್. ತಂತಿ ಮೀಟಿದ ಮರುಕ್ಷಣವೇ ಎಡಗೈ ಬೆರಳುಗಳ ಒತ್ತು ಸಡಿಲಿಸುತ್ತಾರೆ. ಸ್ವರ ಹುಟ್ಟುತ್ತಲೇ ಸಾಯುತ್ತದೆ, ಏಟು ಮಾತ್ರ ಉಳಿಯುತ್ತದೆ. ಇದಕ್ಕೆ ಚಾಪ್ ಅನ್ನುತ್ತಾರೆ.

ಧುಂ-ಚಕ್-ಧುಂ-ಚಕ್. ಈ ಎರಡನ್ನು ಬೇರೆಬೇರೆಯಾಗಿ ಕೇಳಿಸಿಕೊಳ್ಳಲು ಬಂದರೆ ಇಡೀ ಸಂಗೀತದ ಬೆನ್ನೆಲುಬು ಕಂಡಂತೆ. ನಡುವೆ ಗಿಟಾರ್ ಇದೆ. ಒಂದು ಸಾಲು ಮುಗಿದ ಕೂಡಲೇ ದಪ್ಪ ತಂತಿಗಳ ಮೇಲೆ ಕೆಳಗಿನಿಂದ ಮೇಲಕ್ಕೆ ಓಡಿ ನಿಲ್ಲುವ ಪುಟ್ಟ ತಿರುವೊಂದು ಪದೇಪದೇ ಬರುತ್ತದೆ. ಲೆಸ್ಟರ್ ಫ್ಲಾಟ್ ಅದನ್ನು ಎಷ್ಟು ಬಳಸಿದರೆಂದರೆ ಅದಕ್ಕೆ ಅವರದೇ ಹೆಸರು ಅಂಟಿತು, ಫ್ಲಾಟ್ ರನ್. ಒಮ್ಮೆ ಗುರುತು ಹತ್ತಿದರೆ ಮುಂದೆ ಎಲ್ಲೆಲ್ಲೂ ಅದೇ.

ಇನ್ನೊಂದು ಗಮನಿಸಿ. ಮ್ಯಾಂಡೊಲಿನ್ ಸರದಿ ಬಂದಾಗ ಆತ ಚಾಪ್ ಬಿಟ್ಟು ರಾಗ ನುಡಿಸಬೇಕು. ಆಗ "ಚಕ್" ಯಾರು ಕೊಡುತ್ತಾರೆ? ಬ್ಯಾಂಜೊದವರು ಅಥವಾ ಫಿಡಲ್‌ನವರು ಸದ್ದಿಲ್ಲದೆ ಆ ಕೆಲಸ ಎತ್ತಿಕೊಳ್ಳುತ್ತಾರೆ. ಒಳ್ಳೆಯ ತಂಡದಲ್ಲಿ ಈ ಹಸ್ತಾಂತರ ಆದದ್ದೇ ಗೊತ್ತಾಗುವುದಿಲ್ಲ. ಸಾಧಾರಣ ತಂಡದಲ್ಲಿ ಅಲ್ಲೊಂದು ಗುಂಡಿ ಬೀಳುತ್ತದೆ.

ಮನ್ರೋ ಅವರ ಮ್ಯಾಂಡೊಲಿನ್ ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1923ರ ಗಿಬ್ಸನ್ ಎಫ್-5 ಅದು. ಫ್ಲಾರಿಡಾದ ಒಂದು ಕ್ಷೌರದಂಗಡಿಯಲ್ಲಿ ಮಾರಾಟಕ್ಕಿಟ್ಟಿದ್ದನ್ನು ನೋಡಿ ಕೊಂಡಿದ್ದರು. 1985ರಲ್ಲಿ ಯಾರೋ ಅವರ ಮನೆಗೆ ನುಗ್ಗಿ ಅದನ್ನು ಕುಟ್ಟಿ ಚೂರುಚೂರು ಮಾಡಿದರು. ಗಿಬ್ಸನ್ ಕಂಪನಿಯ ಕುಶಲಕರ್ಮಿಗಳು ಆ ಚೂರುಗಳನ್ನೇ ಕೂಡಿಸಿ ಮತ್ತೆ ನುಡಿಯುವ ಹಾಗೆ ಮಾಡಿದರು.

4. ಬ್ಯಾಂಜೊವನ್ನು ನಿಧಾನ ಮಾಡಿ ಕೇಳಿ

ಎಲ್ಲರ ಕಿವಿ ಹೋಗುವುದು ಇಲ್ಲಿಗೇ, ಎಲ್ಲರೂ ಕಂಗಾಲಾಗುವುದೂ ಇಲ್ಲೇ. ಆದ್ದರಿಂದ ಸಮಯ ಕೊಡಿ.

ಬ್ಲೂಗ್ರಾಸಿನ ಬ್ಯಾಂಜೊಗೆ ಐದು ತಂತಿ. ಐದನೆಯದು ಗಿಡ್ಡ. ಅದರ ಬಿರಡೆ ಕೋಲಿನ ತುದಿಯಲ್ಲಿಲ್ಲ, ಪಕ್ಕದಲ್ಲಿ ನಡುದಾರಿಯಲ್ಲಿದೆ. ಅದನ್ನು ಸಾಮಾನ್ಯವಾಗಿ ಎಡಗೈ ಒತ್ತುವುದಿಲ್ಲ. ರಾಗ ಎಲ್ಲಿಗೆ ಹೋದರೂ ಅದು ತನ್ನ ಒಂದೇ ಸ್ವರ ಹಿಡಿದು ಮೊಳಗುತ್ತದೆ. ವೀಣೆಯ ತಾಳದ ತಂತಿಗಳ ಅಭ್ಯಾಸ ಇರುವವರಿಗೆ ಇದು ಕೂಡಲೇ ಕೇಳಿಸುತ್ತದೆ. ಹಾಗೆ ಮೊಳಗುವ ಗಿಡ್ಡ ತಂತಿ ಆಫ್ರಿಕಾದ ಬಳುವಳಿ. ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡುವ ಇಂಥ ವಾದ್ಯಗಳು ಪಶ್ಚಿಮ ಆಫ್ರಿಕಾದಲ್ಲಿ ಇಂದಿಗೂ ಇವೆ. ಗುಲಾಮರಾಗಿ ಸಾಗಿಸಲ್ಪಟ್ಟ ಜನ ಆ ತಿಳಿವಳಿಕೆಯನ್ನು ಅಮೆರಿಕಕ್ಕೆ ತಂದರು. ಬ್ಯಾಂಜೊ ಅಂದರೆ ಬೆಟ್ಟದ ಬಿಳಿಯರ ವಾದ್ಯ ಅನ್ನುವ ಚಿತ್ರ ಬಂದದ್ದು ಬಹಳ ತಡವಾಗಿ.

ಸ್ಕ್ರಗ್ಸ್ ನುಡಿಸುತ್ತಿದ್ದುದು ಹೆಬ್ಬೆರಳು, ತೋರುಬೆರಳು, ನಡುಬೆರಳು ಮೂರರಿಂದ. ಮೂರಕ್ಕೂ ಉಗುರಿನಂತೆ ಪಿಕ್ ತೊಟ್ಟಿರುತ್ತಾರೆ. ಮೂರು ಬೆರಳ ಪದ್ಧತಿ ಅವರೊಬ್ಬರೇ ಹುಟ್ಟುಹಾಕಿದ್ದಲ್ಲ, ಅವರ ಸೀಮೆಯಲ್ಲಿ ಮೊದಲೇ ಇತ್ತು. ಆದರೆ ಅದನ್ನು ಅಷ್ಟು ನಯವಾಗಿ, ಅಷ್ಟು ಹದವಾಗಿ ಹರಿಸಿದವರು ಅವರು. ಬೆರಳು ತಿರುಗುವ ಈ ಮಾದರಿಗಳಿಗೆ ರೋಲ್ ಅನ್ನುತ್ತಾರೆ. ಒಂದು ಆವರ್ತಕ್ಕೆ ಎಂಟು ಸ್ವರ. ಬಹಳ ಸಲ ಅವು ಎರಡೆರಡಾಗಿ ಒಡೆಯುವುದಿಲ್ಲ. ಮೂರು, ಮೂರು, ಎರಡು ಎಂದು ಒಡೆಯುತ್ತವೆ. ಕೆಳಗೆ ಬೇಸ್ ಸಮವಾಗಿ ನಡೆಯುತ್ತಿರುತ್ತದೆ. ಮೇಲೆ ಬ್ಯಾಂಜೊದ ಒತ್ತು ಜಾರುತ್ತಾ ಹೋಗಿ ಮತ್ತೆ ಬಂದು ಸೇರುತ್ತದೆ. ಬ್ಲೂಗ್ರಾಸ್ ಕೇಳುವಾಗ ಮುಂದಕ್ಕೆ ತಳ್ಳಿದ ಹಾಗೆ ಅನ್ನಿಸುವುದು ಈ ಜಾರುವಿಕೆಯಿಂದ. ವೇಗ ಅದಕ್ಕೆ ಎರಡನೆಯ ಕಾರಣ.

ಇದನ್ನು ಹಿಡಿಯಲು ಒಂದು ಉಪಾಯ: 1949ರಲ್ಲಿ ಫ್ಲಾಟ್ ಮತ್ತು ಸ್ಕ್ರಗ್ಸ್ ಮಾಡಿದ "ಫಾಗಿ ಮೌಂಟನ್ ಬ್ರೇಕ್‌ಡೌನ್" ಹಾಕಿ, ಯೂಟ್ಯೂಬಿನ ಸೆಟ್ಟಿಂಗಿನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ. ಅವರು ಅಷ್ಟರಲ್ಲಾಗಲೇ ಮನ್ರೋ ತಂಡ ಬಿಟ್ಟು ತಮ್ಮದೇ ತಂಡ ಕಟ್ಟಿದ್ದರು. ಅರ್ಧ ವೇಗದಲ್ಲಿ ಸದ್ದು ಸ್ವಲ್ಪ ಒರಟಾಗುತ್ತದೆ, ಆದರೂ ಕೇಳಿ. ಆ ಗದ್ದಲದೊಳಗೆ ಒಂದು ಸ್ಪಷ್ಟ ರಾಗ ಇದೆ. ಎಂಟರಲ್ಲಿ ಎರಡೋ ಮೂರೋ ಸ್ವರ ಮಾತ್ರ ಆ ರಾಗದ್ದು, ಅವಕ್ಕೆ ಸ್ವಲ್ಪ ಒತ್ತು ಜಾಸ್ತಿ. ಉಳಿದದ್ದು ಸುತ್ತ ತುಂಬಿಸಿದ್ದು. ಈಗ ಮುಕ್ಕಾಲು ವೇಗ, ಆಮೇಲೆ ಪೂರ್ತಿ ವೇಗ. ರಾಗ ಕಳೆದುಹೋಗದೆ ಉಳಿದರೆ ನಿಮ್ಮ ಕಿವಿ ತಯಾರಾಯಿತು.

ಇದರಲ್ಲೊಂದು ಮಜಾ ಇದೆ. ರಾಗ ಒಂದು ಕಡೆ ಇ ಮೈನರ್ ಎಂಬ, ತುಸು ದುಗುಡದ ಸ್ವರಗುಚ್ಛಕ್ಕೆ ಇಳಿಯುತ್ತದೆ. ಸ್ಕ್ರಗ್ಸ್ ಬ್ಯಾಂಜೊದಲ್ಲಿ ಮೈನರ್ ನುಡಿಸುತ್ತಿದ್ದರೆ ಪಕ್ಕದಲ್ಲಿ ಫ್ಲಾಟ್ ಗಿಟಾರಿನಲ್ಲಿ ಇ ಮೇಜರ್ ಎಂಬ ಉಲ್ಲಾಸದ ಗುಚ್ಛ ಬಾರಿಸುತ್ತಾರೆ. ಪುಸ್ತಕದ ಪ್ರಕಾರ ತಪ್ಪು. ಕೇಳಲು ಮಾತ್ರ ಆ ತಿಕ್ಕಾಟದಲ್ಲೇ ಕಾರ ಇದೆ.

ಇಷ್ಟಾದ ಮೇಲೆ ಅದೇ ಸ್ಕ್ರಗ್ಸ್ ನಿಧಾನದ ಹಾಡಿನಲ್ಲಿ, ಫ್ಲಾಟ್ ಹಾಡುತ್ತಿರುವಾಗ ಹಿಂದೆ ಏನು ಮಾಡುತ್ತಾರೆ ಅಂತ ಕೇಳಿ. ಮಾತು ಇರುವಲ್ಲಿ ಬ್ಯಾಂಜೊ ತಗ್ಗುತ್ತದೆ. ಗಾಯಕ ಉಸಿರು ಎಳೆದುಕೊಳ್ಳುವಲ್ಲಿ ಎರಡೇ ಎರಡು ಸ್ವರ ಇಟ್ಟು ಸುಮ್ಮನಾಗುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡತನ ಇರುವುದು ಅಲ್ಲಿ.

5. ಗಂಟಲಿಗೆ ಒಗ್ಗಿಕೊಳ್ಳಿ

ಬ್ಲೂಗ್ರಾಸ್ ಗಾಯನ ಮೊದಲಿಗೆ ಸ್ವಲ್ಪ ಕೀರಲು ಅನ್ನಿಸಬಹುದು. ಗಂಡಸರು ತಾರಸ್ಥಾಯಿಯಲ್ಲಿ, ಕಂಪನ ಇಲ್ಲದೆ, ಮೂಗಿನ ಅಂಚು ತಾಗಿಸಿ ಹಾಡುತ್ತಾರೆ. ಇದರ ಒಂದು ಮೂಲ ಬೆಟ್ಟದ ಚರ್ಚುಗಳು. ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಹೆಚ್ಚಿನ ಚರ್ಚುಗಳಲ್ಲಿ ವಾದ್ಯಕ್ಕೆ ಜಾಗವಿಲ್ಲ. ಒಬ್ಬರು ಸಾಲು ಹೇಳಿಕೊಟ್ಟರೆ ಉಳಿದವರು ಎಳೆದೆಳೆದು ಹಾಡುತ್ತಾರೆ. ವರ್ಜೀನಿಯಾದ ರಾಲ್ಫ್ ಸ್ಟ್ಯಾನ್ಲಿ ಅದೇ ಪಂಥದವರು. ಅವರು ವಾದ್ಯವಿಲ್ಲದೆ ಹಾಡಿದ್ದನ್ನು ಕೇಳಿ, ಆಮೇಲೆ ಅಣ್ಣ ಕಾರ್ಟರ್ ಸ್ಟ್ಯಾನ್ಲಿ ಜೊತೆ ಹಾಡಿದ್ದನ್ನು ಕೇಳಿ. ಅಣ್ಣ ಮುಖ್ಯ ರಾಗ ಹಿಡಿಯುತ್ತಾನೆ, ತಮ್ಮ ಅದರ ಮೇಲೆ ಟೆನರ್, ಅಂದರೆ ಎತ್ತರದ ಜೊತೆದನಿ, ಹಾಡುತ್ತಾನೆ. ಕಾರ್ಟರ್ 1966ರಲ್ಲೇ ತೀರಿಕೊಂಡರು. ರಾಲ್ಫ್ ಇನ್ನೂ 50 ವರ್ಷ ಬದುಕಿ ಹಾಡಿದರು. 2002ರಲ್ಲಿ, 75ರ ಹೊಸ್ತಿಲಲ್ಲಿ, ವಾದ್ಯವಿಲ್ಲದೆ ಹಾಡಿದ ಒಂದು ಸಾವಿನ ಹಾಡಿಗೆ ಗ್ರ್ಯಾಮಿ ಪಡೆದರು.

ಮೂರು ದನಿ ಸೇರುವಾಗ ನಡುವಿನ ಮುಖ್ಯ ದನಿಯನ್ನು ಎಲ್ಲರೂ ಕೇಳುತ್ತಾರೆ. ಮೇಲಿನ ಟೆನರ್ ತಾನಾಗಿ ಕಿವಿಗೆ ಚುಚ್ಚುತ್ತದೆ. ಕೆಳಗಿನ ಬ್ಯಾರಿಟೋನ್ ಹುಡುಕಬೇಕು. ಅದನ್ನು ಹುಡುಕಿ, ಒಂದು ಪಲ್ಲವಿ ಪೂರ್ತಿ ಅದರ ಬೆನ್ನು ಹತ್ತಿ. ಅದೊಂದನ್ನೇ ಹಾಡಿದರೆ ರಾಗ ಅಂತಲೇ ಅನ್ನಿಸದು. ಆದರೆ ಅದಿಲ್ಲದಿದ್ದರೆ ಉಳಿದೆರಡು ಒಣಗಿಹೋಗುತ್ತವೆ.

ಮಾತಿನ ಬಗ್ಗೆ: ರೈಲು, ಗಣಿ, ಕೊಲೆ, ಸತ್ತ ತಾಯಿ, ಬಿಟ್ಟು ಬಂದ ಮನೆ. ಇಷ್ಟು ದುಃಖವನ್ನು ಇಷ್ಟು ಜೋರಾಗಿ ಓಡಿಸುತ್ತಾರಲ್ಲ ಅಂತ ಅನ್ನಿಸುತ್ತದೆ, ಅಲ್ವಾ? ಅದಕ್ಕೆ ಕಾರಣ ಇದೆ. ಎರಡನೆಯ ಮಹಾಯುದ್ಧದ ಹೊತ್ತಿಗೂ ಆಮೇಲೂ ಅಪಲೇಷಿಯಾದ ಜನ ಲಕ್ಷಗಟ್ಟಲೆ ಊರು ಬಿಟ್ಟು ಡೆಟ್ರಾಯಿಟ್, ಸಿನ್ಸಿನಾಟಿ, ಬಾಲ್ಟಿಮೋರ್‌ನಂಥ ಕಾರ್ಖಾನೆ ನಗರಗಳಿಗೆ ಹೋದರು. ಶನಿವಾರ ರಾತ್ರಿ ಅಲ್ಲಿನ ಹೆಂಡದಂಗಡಿಗಳಲ್ಲಿ ಈ ಹಾಡುಗಳನ್ನು ಕೇಳುತ್ತಿದ್ದವರು ಅವರೇ. ಗಲಾಟೆಯ ನಡುವೆ ಕೇಳಿಸಬೇಕು, ಕುಣಿಯುವ ಹಾಗೂ ಇರಬೇಕು, ಊರೂ ನೆನಪಾಗಬೇಕು.

ಪಶ್ಚಿಮ ವರ್ಜೀನಿಯಾದ ಗಣಿ ಕುಟುಂಬದ ಹೇಜಲ್ ಡಿಕೆನ್ಸ್ ಹಾಗೆ ಬಾಲ್ಟಿಮೋರ್ ಸೇರಿದವರು. ಗಂಡಸರದ್ದೇ ಕಾರುಬಾರಾಗಿದ್ದ ಕಾಲದಲ್ಲಿ ಆಲಿಸ್ ಜೆರಾರ್ಡ್ ಜೊತೆ ಸೇರಿ 1965ರಲ್ಲಿ ಆಲ್ಬಮ್ ತಂದರು. ಗಣಿ ದೂಳಿನಿಂದ ಶ್ವಾಸಕೋಶ ಕೆಟ್ಟು ಸತ್ತವರ ಬಗ್ಗೆ, ಕೂಲಿಗಾರರ ಹೋರಾಟದ ಬಗ್ಗೆ ಆಕೆ ಬರೆದ ಹಾಡುಗಳನ್ನು ಹುಡುಕಿ ಕೇಳಿ. ದನಿ ನಯವಿಲ್ಲ. ನಯ ಇದ್ದಿದ್ದರೆ ಆ ಹಾಡುಗಳು ನಿಲ್ಲುತ್ತಿರಲಿಲ್ಲ.

6. ಕಲಾವಿದರನ್ನು ಅಳೆಯುವುದು

ಇಲ್ಲಿಯವರೆಗಿನದು ಕಿವಿಯ ತಯಾರಿ. ಇನ್ನು ವಿಡಿಯೊ ನೋಡಿ. ಒಂದೇ ಮೈಕ್ ನಡುವೆ ಇಟ್ಟು ನುಡಿಸುವ ತಂಡ ಸಿಕ್ಕರೆ ಬಿಡಬೇಡಿ. ಡೆಲ್ ಮೆಕೌರಿ ಮತ್ತವರ ಮಕ್ಕಳ ತಂಡ ಬಹಳ ಕಾಲ ಹಾಗೇ ನುಡಿಸಿದೆ. ಹಾಡುವವರು ಮೈಕಿಗೆ ಹತ್ತಿರ. ಸಾಲು ಮುಗಿಯುತ್ತಲೇ ಅವರು ಪಕ್ಕಕ್ಕೆ ಸರಿಯುತ್ತಾರೆ, ಫಿಡಲ್ ನುಗ್ಗುತ್ತದೆ, ಬ್ಯಾಂಜೊದ ಕೋಲು ಯಾರ ಕಣ್ಣಿಗೂ ತಾಗದಂತೆ ತಿರುಗಿ ಹಿಂದೆ ಹೋಗುತ್ತದೆ. ಯಾರ ದನಿ ಎಷ್ಟು ಜೋರಿರಬೇಕು ಅನ್ನುವುದನ್ನು ಇಲ್ಲಿ ಕಾಲುಗಳೇ ನಿರ್ಧರಿಸುತ್ತವೆ.

ಒಬ್ಬೊಬ್ಬರ ಸೋಲೊ ಸರದಿಗೆ ಬ್ರೇಕ್ ಅನ್ನುತ್ತಾರೆ. ಬ್ರೇಕ್ ಕೇಳುವಾಗ ನಾನು ನೋಡುವುದು ಒಂದೇ: ಅದರ ಜೊತೆಗೆ ಹಾಡಿನ ಸಾಲನ್ನು ಮನಸ್ಸಿನಲ್ಲಿ ಹಾಡಿಕೊಳ್ಳಲು ಬರುತ್ತದೆಯೇ? ಬಂದರೆ ನುಡಿಸುವವರು ಹಾಡನ್ನು ಮರೆತಿಲ್ಲ ಅಂತ ಅರ್ಥ. ಯಾವ ಹಾಡಿಗಾದರೂ ಅಂಟಿಸಬಹುದಾದ ಸ್ವರಗಳ ಮಳೆ ಸುರಿದರೆ ಬೆರಳಿಗೆ ಶಹಬ್ಬಾಸ್ ಹೇಳಿ, ಅಷ್ಟು ಸಾಕು. ಈ ವಿಷಯಕ್ಕೆ ನನ್ನ ಆಯ್ಕೆ ಮನ್ರೋ ತಂಡದಲ್ಲಿ ವರ್ಷಗಟ್ಟಲೆ ನುಡಿಸಿದ ಫಿಡಲ್ ವಾದಕ ಕೆನ್ನಿ ಬೇಕರ್. ಗಣಿಯಲ್ಲಿ ಕೆಲಸ ಮಾಡಿ ಬಂದ ಮನುಷ್ಯ. ಬಿಲ್ಲು ಉದ್ದಕ್ಕೆ ಎಳೆದು, ಒಂದೂ ಅಡ್ಡ ಮಾತಿಲ್ಲದೆ ರಾಗ ಹೇಳುತ್ತಾರೆ.

ಗಿಟಾರಿಗೆ ಇಬ್ಬರು. ಡಾಕ್ ವಾಟ್ಸನ್, ಉತ್ತರ ಕೆರೊಲಿನಾದ ಡೀಪ್ ಗ್ಯಾಪ್ ಎಂಬ ಹಳ್ಳಿಯವರು. ಎಳೆಗೂಸಾಗಿದ್ದಾಗಲೇ ಕಣ್ಣು ಹೋಯಿತು. ಫಿಡಲ್ ನುಡಿಸುವ ಕುಣಿತದ ರಾಗಗಳನ್ನು ಗಿಟಾರಿನ ಮೇಲೆ ಒಂದೊಂದೇ ಸ್ವರವಾಗಿ ಮೀಟಿದರು. ಅಲ್ಲಿಯವರೆಗೆ ತಾಳ ಹಾಕುತ್ತಿದ್ದ ಗಿಟಾರ್ ಮುಂದಕ್ಕೆ ಬಂತು. ಎರಡನೆಯವರು ಟೋನಿ ರೈಸ್. ಅವರ ಸೋಲೊಗಳನ್ನು ಜಗತ್ತೇ ಹೊಗಳುತ್ತದೆ. ಆದರೆ ಬೇರೆಯವರು ನುಡಿಸುವಾಗ ಅವರು ಹಾಕುವ ತಾಳ ಕೇಳಿ. ಎಲ್ಲಿ ಒತ್ತಬೇಕು, ಎಲ್ಲಿ ಖಾಲಿ ಬಿಡಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನಾನು ಕೇಳಿಲ್ಲ. 1990ರ ದಶಕದಲ್ಲಿ ಗಂಟಲು ಕೆಟ್ಟು ಹಾಡುವುದು ನಿಂತಿತು, ಗಿಟಾರ್ ನಿಲ್ಲಲಿಲ್ಲ. 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. 1975ರಲ್ಲಿ ಅವರು ಬ್ಯಾಂಜೊದ ಜೆ.ಡಿ. ಕ್ರೋ ತಂಡದಲ್ಲಿದ್ದಾಗ ಬಂದ ಆಲ್ಬಮ್ ಒಂದಿದೆ, ತಂಡದ ಹೆಸರಲ್ಲೇ: "ಜೆ.ಡಿ. ಕ್ರೋ ಅಂಡ್ ದ ನ್ಯೂ ಸೌತ್". ಒಂದೇ ಆಲ್ಬಮ್ ಕೊಳ್ಳುವುದಾದರೆ ಅದನ್ನೇ ಕೊಳ್ಳಿ ಅನ್ನುತ್ತೇನೆ.

ಈಗಿನವರಲ್ಲಿ ಅಲಿಸನ್ ಕ್ರೌಸ್ ಸುಲಭದ ಬಾಗಿಲು. ಮೆಲುದನಿ, 25ಕ್ಕೂ ಹೆಚ್ಚು ಗ್ರ್ಯಾಮಿ, ಜೊತೆಗೆ ಡೋಬ್ರೋದಲ್ಲಿ ಜೆರ್ರಿ ಡಗ್ಲಸ್. ಡೋಬ್ರೋ ಅಂದರೆ ಮಲಗಿಸಿಕೊಂಡು ಉಕ್ಕಿನ ತುಂಡು ಜಾರಿಸಿ ನುಡಿಸುವ ಗಿಟಾರ್. ಮ್ಯಾಂಡೊಲಿನ್‌ನ ಸಿಯೆರಾ ಹಲ್ 2016ರಲ್ಲಿ, ಗಿಟಾರಿನ ಮಾಲಿ ಟಟಲ್ 2017ರಲ್ಲಿ ಅಂತರರಾಷ್ಟ್ರೀಯ ಬ್ಲೂಗ್ರಾಸ್ ಸಂಘದ ವರ್ಷದ ವಾದಕ ಪ್ರಶಸ್ತಿ ಪಡೆದರು. ಆಯಾ ವಾದ್ಯಕ್ಕೆ ಆ ಪ್ರಶಸ್ತಿ ಪಡೆದ ಮೊದಲ ಹೆಂಗಸರು ಇವರೇ. ಗಿಟಾರಿನ ಬಿಲ್ಲಿ ಸ್ಟ್ರಿಂಗ್ಸ್ ದೊಡ್ಡ ದೊಡ್ಡ ಒಳಾಂಗಣ ತುಂಬಿಸುತ್ತಾನೆ, ಒಂದೇ ಹಾಡನ್ನು ಕಾಲು ಗಂಟೆ ಎಳೆಯುತ್ತಾನೆ. ಅದು ಹಿಡಿಸದಿದ್ದರೆ, 2022ರಲ್ಲಿ ತನ್ನನ್ನು ಸಾಕಿ ಬೆಳೆಸಿದ ತಂದೆಯ ಜೊತೆ ಕೂತು ಮಾಡಿದ ಹಳೆಯ ಹಾಡುಗಳ ಆಲ್ಬಮ್ ಕೇಳಿ.

ನಮ್ಮ ಕಡೆಯಿಂದ ಹೋಗಲು ಇನ್ನೊಂದು ದಾರಿಯೂ ಇದೆ. ಬ್ಯಾಂಜೊದ ಬೇಲಾ ಫ್ಲೆಕ್, ಬೇಸ್‌ನ ಎಡ್ಗರ್ ಮೇಯರ್, ತಬಲಾದ ಜಾಕಿರ್ ಹುಸೇನ್, ಬಾನ್ಸುರಿಯ ರಾಕೇಶ್ ಚೌರಾಸಿಯಾ ಸೇರಿ 2023ರಲ್ಲಿ ಒಂದು ಆಲ್ಬಮ್ ಮಾಡಿದರು, ಮರುವರ್ಷ ಗ್ರ್ಯಾಮಿ ಬಂತು. ಅದು ಬ್ಲೂಗ್ರಾಸ್ ಅಲ್ಲ. ಆದರೆ ಬ್ಯಾಂಜೊದ ಸದ್ದು ಕಿವಿಗೆ ಹೊಸದಾಗಿರುವವರಿಗೆ ತಬಲಾದ ಜೊತೆ ಕೇಳಿದರೆ ಮುಜುಗರ ಕಳೆಯುತ್ತದೆ. ಜೆರ್ರಿ ಡಗ್ಲಸ್ ಮತ್ತು ಮೋಹನವೀಣೆಯ ವಿಶ್ವಮೋಹನ ಭಟ್ ಸೇರಿ ನುಡಿಸಿದ್ದೂ ಇದೆ. ಎರಡೂ ಜಾರುವ ವಾದ್ಯಗಳು, ಎರಡಕ್ಕೂ ಹವಾಯಿ ಗಿಟಾರಿನ ನಂಟು.

7. ಕಂಟ್ರಿಗೆ ಬಂದಾಗ ಗಮನ ಬದಲಿಸಿ

ಬ್ಲೂಗ್ರಾಸಿನಲ್ಲಿ ಕೈ ಮೊದಲು, ಕಂಟ್ರಿಯಲ್ಲಿ ಮಾತು ಮೊದಲು. ಹಾಗಾಗಿ ಇಲ್ಲಿ ಸಾಹಿತ್ಯ ಮುಂದಿಟ್ಟುಕೊಂಡು ಕೇಳುವುದು ಒಳ್ಳೆಯದು. ಹ್ಯಾಂಕ್ ವಿಲಿಯಮ್ಸ್ ಹಾಡುಗಳಲ್ಲಿ ಶಾಲಾ ಮಕ್ಕಳಿಗೂ ಅರ್ಥವಾಗುವ ಪದಗಳೇ ಇರುವುದು. 1953ರ ಮೊದಲ ದಿನ, ಕಾರ್ಯಕ್ರಮಕ್ಕೆ ಹೋಗುವ ದಾರಿಯಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಸತ್ತಾಗ ವಯಸ್ಸು 29. ಅವರ ದನಿಯ ಹಿಂದೆ ಡಾನ್ ಹೆಲ್ಮ್ಸ್ ಉಕ್ಕಿನ ತುಂಡು ಜಾರಿಸುವ ಸ್ಟೀಲ್ ಗಿಟಾರನ್ನು ಬಹಳ ಮೇಲಿನ ಸ್ಥಾಯಿಯಲ್ಲಿ ಅಳುವಂತೆ ನುಡಿಸುತ್ತಾರೆ. ಇಲ್ಲೂ ಅದೇ ಲೆಕ್ಕ: ಹ್ಯಾಂಕ್ ಬಾಯಿ ಮುಚ್ಚಿದಾಗ ಹೆಲ್ಮ್ಸ್ ಏನು ಹೇಳುತ್ತಾರೆ ಕೇಳಿ.

ಪ್ಯಾಟ್ಸಿ ಕ್ಲೈನ್ ಹಾಡಿದ "ಕ್ರೇಜಿ"ಯನ್ನು ಹಿಂದಿನಂತೆ ಕೈಯಲ್ಲಿ ಎಣಿಸುತ್ತಾ ಕೇಳಿ. ಆಕೆ ಏಟಿನ ಮೇಲೆ ಹಾಡುವುದಿಲ್ಲ, ತುಸು ತಡವಾಗಿ ಬಂದು ಇಳಿಯುತ್ತಾರೆ. ಹಾಡು ಬರೆದವರು ವಿಲ್ಲಿ ನೆಲ್ಸನ್. 1961ರಲ್ಲಿ ರೆಕಾರ್ಡ್ ಮಾಡುವಾಗ ಪ್ಯಾಟ್ಸಿಗೆ ಕಾರು ಅಪಘಾತದ ಪೆಟ್ಟಿನ್ನೂ ಮಾಗಿರಲಿಲ್ಲ. ಪಕ್ಕೆಲುಬಿನ ನೋವಿಗೆ ಮೇಲಿನ ಸ್ವರ ಹತ್ತಲಿಲ್ಲ. ವಾದ್ಯದವರದ್ದು ಮುಗಿಸಿಟ್ಟು, ಮತ್ತೆ ಬಂದು ದನಿ ಸೇರಿಸಿದರು.

ಗಣಿಗಾರನ ಮಗಳು ಲೊರೆಟ್ಟಾ ಲಿನ್, ಜೈಲಿನಲ್ಲಿದ್ದು ಬಂದ ಮರ್ಲ್ ಹ್ಯಾಗರ್ಡ್, ಇವರಿಬ್ಬರನ್ನೂ ಬಿಡಬೇಡಿ. ಹ್ಯಾಗರ್ಡ್ ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಕೈದಿಯಾಗಿದ್ದಾಗ ಹೆಸರಾಂತ ಕಂಟ್ರಿ ಗಾಯಕ ಜಾನಿ ಕ್ಯಾಶ್ ಅಲ್ಲಿಗೆ ಬಂದು ಹಾಡಿದ್ದನ್ನು ಕಂಡವರು. ಲಿನ್ 1975ರಲ್ಲಿ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದಾಗ ಎಷ್ಟೋ ರೇಡಿಯೊ ಕೇಂದ್ರಗಳು ಆ ಹಾಡು ಹಾಕಲು ಒಪ್ಪಲಿಲ್ಲ.

ಈ ಹೆಸರುಗಳ ಹಿಂದೆ ಕಾಣದೇ ಉಳಿದವರೂ ಇದ್ದಾರೆ. ಕಾರ್ಟರ್ ಕುಟುಂಬಕ್ಕೆ ಹಾಡುಗಳನ್ನು ಹುಡುಕಿ ನೆನಪಿಟ್ಟು ಕಲಿಸಿದವರು ಲೆಸ್ಲಿ ರಿಡಲ್. ಹುಡುಗ ಮನ್ರೋಗೆ ಬ್ಲೂಸ್ ಕಿವಿ ಕೊಟ್ಟವರು ಗಿಟಾರ್ ವಾದಕ ಆರ್ನಲ್ಡ್ ಶುಲ್ಟ್ಸ್. ಗ್ರ್ಯಾಂಡ್ ಓಲ್ ಆಪ್ರಿಯ ಮೊದಲ ವರ್ಷಗಳ ತಾರೆ ಮೌತ್ ಆರ್ಗನ್‌ನ ಡಿಫೋರ್ಡ್ ಬೇಲಿ. ಮೂವರೂ ಕಪ್ಪು ಜನ. ಬೇಲಿಗೆ ಕಂಟ್ರಿ ಹಾಲ್ ಆಫ್ ಫೇಮ್ ಗೌರವ ಸಿಕ್ಕಿದ್ದು 2005ರಲ್ಲಿ, ಸತ್ತು 20 ವರ್ಷ ದಾಟಿದ ಮೇಲೆ. ಗಾಯಕಿ, ಬ್ಯಾಂಜೊ ವಾದಕಿ ರಿಯಾನನ್ ಗಿಡೆನ್ಸ್ ಇವತ್ತು ಆ ಎಳೆಯನ್ನು ಮತ್ತೆ ಎತ್ತಿ ತೋರಿಸುತ್ತಿದ್ದಾರೆ.

8. ಅಮೆರಿಕದಲ್ಲಿ ಇದ್ದರೆ, ಅಥವಾ ಹೋದರೆ

ಮಕ್ಕಳ ಮನೆಗೆಂದು ಉತ್ತರ ಕೆರೊಲಿನಾದ ಶಾರ್ಲಟ್ ಕಡೆ ಹೋಗಿ ಕೂರುವ ನಮ್ಮ ಅಪ್ಪ-ಅಮ್ಮಂದಿರಿಗೆ ಒಂದು ಮಾತು: ಮಾಲ್ ಸುತ್ತಿದ್ದು ಸಾಕು. ಪಶ್ಚಿಮಕ್ಕೆ ಸುಮಾರು ಒಂದು ಗಂಟೆ ಹೋದರೆ ಶೆಲ್ಬಿ ಅನ್ನುವ ಊರು. ಅಲ್ಲಿನ ಹಳೆಯ ಕೋರ್ಟ್ ಕಟ್ಟಡದಲ್ಲಿ ಅರ್ಲ್ ಸ್ಕ್ರಗ್ಸ್ ಸೆಂಟರ್ ಇದೆ. ಏಪ್ರಿಲ್ ಕೊನೆಯಲ್ಲಿ ವಿಲ್ಕ್ಸ್‌ಬರೊದಲ್ಲಿ ಡಾಕ್ ವಾಟ್ಸನ್ ತಮ್ಮ ಮಗನ ನೆನಪಿಗೆ ಶುರು ಮಾಡಿದ ಮರ್ಲ್‌ಫೆಸ್ಟ್ ನಡೆಯುತ್ತದೆ. ಬ್ಲೂಗ್ರಾಸ್ ಸಂಘದ ವಾರ್ಷಿಕ ಜಾತ್ರೆ 2013ರಿಂದ 2024ರವರೆಗೆ ರಾಲೀಯಲ್ಲಿತ್ತು, 2025ರಲ್ಲಿ ಟೆನೆಸಿಯ ಚಟನೂಗಾಕ್ಕೆ ಹೋಯಿತು. ನ್ಯಾಶ್ವಿಲ್‌ಗೆ ಹೋದರೆ ಬ್ರಾಡ್‌ವೇ ಬೀದಿಯ ಗದ್ದಲ ಒಂದು ಸಲ ನೋಡಿ, ಆಮೇಲೆ 1974ರಿಂದ ಇರುವ ಸ್ಟೇಷನ್ ಇನ್‌ಗೆ ಹೋಗಿ ಕೂತುಕೊಳ್ಳಿ. ವರ್ಜೀನಿಯಾದ ಹಿಲ್ಟನ್ಸ್‌ನಲ್ಲಿ ಕಾರ್ಟರ್ ಮನೆತನದವರ ಕಾರ್ಟರ್ ಫೋಲ್ಡ್ ಇದೆ. ಶನಿವಾರ ರಾತ್ರಿ ಸಂಗೀತ, ಮದ್ಯ ಇಲ್ಲ, ಅಜ್ಜಿಯರೂ ಎದ್ದು ಕುಣಿಯುತ್ತಾರೆ. ಜಾನಿ ಕ್ಯಾಶ್ ಜನರ ಮುಂದೆ ಕೊನೆಯ ಸಲ ಹಾಡಿದ್ದು ಅಲ್ಲೇ, 2003ರ ಜುಲೈನಲ್ಲಿ.

ಇಂಥ ಸಂಗೀತ ಹಬ್ಬಗಳಲ್ಲಿ ವೇದಿಕೆಗಿಂತ ಪಾರ್ಕಿಂಗ್ ಜಾಗದಲ್ಲಿ, ಡೇರೆಗಳ ನಡುವೆ ನಡೆಯುವ ಜ್ಯಾಮ್‌ಗಳೇ ನನಗೆ ಇಷ್ಟ. ವೃತ್ತವಾಗಿ ನಿಂತು ನುಡಿಸುತ್ತಾರೆ. ಹಾಡು ಎತ್ತಿಕೊಂಡವರು ಶ್ರುತಿ ಹೇಳುತ್ತಾರೆ, ಬ್ರೇಕ್ ಯಾರಿಗೆ ಅಂತ ಕಣ್ಣಲ್ಲೇ ತೋರಿಸುತ್ತಾರೆ. ಕಾಲು ಎತ್ತಿದರೆ ಹಾಡು ಮುಗಿಯಿತು ಅಂತ ಸೂಚನೆ. ವೃತ್ತದ ಹೊರಗೆ ನಿಂತು ಎಷ್ಟು ಹೊತ್ತು ಕೇಳಿದರೂ ಯಾರೂ ಏನೂ ಅನ್ನುವುದಿಲ್ಲ. ನಡುವೆ ಕೈ ತೂರಿಸಿ ಫೋನ್ ಹಿಡಿಯಬೇಡಿ, ಹಾಡಿನ ನಡುವೆ ಮಾತಾಡಿಸಬೇಡಿ. ನಿಮ್ಮ ಕೈಯಲ್ಲೇ ವಾದ್ಯ ಇದ್ದು ಒಳಗೆ ಕರೆದರೆ, ಮೊದಲು ಮೆಲ್ಲಗೆ ತಾಳ ಹಿಡಿಯಿರಿ. ಇನ್ನೊಬ್ಬರು ಹಾಡುವಾಗ ಅವರ ಮಾತು ನಿಮಗೆ ಕೇಳಿಸದಿದ್ದರೆ ನೀವು ಜೋರಾದಿರಿ ಅಂತಲೇ ಅರ್ಥ.

ಕಾರ್ಯಕ್ರಮ ಮುಗಿದ ಮೇಲೆ ಸೀದಾ ಹೊರಡಬೇಡಿ. ಎಷ್ಟೋ ತಂಡಗಳಲ್ಲಿ ಕಲಾವಿದರೇ ಮೇಜಿನ ಹಿಂದೆ ನಿಂತು ಸಿ.ಡಿ., ಟಿ-ಶರ್ಟ್ ಮಾರುತ್ತಾರೆ, ಮಾತಿಗೂ ಸಿಗುತ್ತಾರೆ. "ಚೆನ್ನಾಗಿತ್ತು" ಅನ್ನುವುದು ಎಲ್ಲರೂ ಹೇಳುವ ಮಾತು. ಬೇಸ್ ನುಡಿಸಿದವರ ಹತ್ತಿರ ಹೋಗಿ, ಇಂಥ ಹಾಡಿನ ಎರಡನೆಯ ಚರಣದಲ್ಲಿ ಒಂದು ಏಟು ಬಿಟ್ಟಿರಲ್ಲ, ಅದು ಬೇಕೆಂದೇ ಬಿಟ್ಟದ್ದಾ ಅಂತ ಕೇಳಿ ನೋಡಿ. ಆಮೇಲೆ ಅವರನ್ನು ಮಾತಿನಿಂದ ಬಿಡಿಸಿಕೊಳ್ಳುವುದು ನಿಮ್ಮ ಪಾಡು.